ಭೀಮಾತೀರದ ಜನರಂಜನೆ: ಸವಾಲು ಮತ್ತು ಜವಾಬು

ವಿಜಯಪುರದಿಂದ ಸೊಲ್ಲಾಪುರಕ್ಕೆ ಸಾಗುವ ಹೆದ್ದಾರಿಯಲ್ಲಿ, ಒಂದು ದಾರಿ ಇಂಡಿಗೂ ಇನ್ನೊಂದು ಚಡಚಣಕ್ಕೂ ಕವಲೊಡೆಯುವ ಎಡೆಯಲ್ಲಿರುವ ಝಳಕಿಯು ಇತಿಹಾಸಗ್ರಂಥಗಳಲ್ಲಿ ದೊಡ್ಡ ಹೆಸರು ಪಡೆದ ಊರೇನೂ ಅಲ್ಲ. ಆದರೆ ಈ ಪ್ರಾಂತದ ಜನ ಹಾಡಿ, ಆಡಿ, ನೋಡಿ, ಕೇಳಿ ಸಂತೋಷಪಟ್ಟ ಬಗೆಯು ಕಳೆದ ನೂರು ವರ್ಷಗಳಲ್ಲಿ ಹೇಗೆ ಹೇಗೆ ಮಾರ್ಪಟ್ಟಿತೆಂಬುದನ್ನು ವಿಚಾರಿಸಬೇಕೆನ್ನುವವನಿಗೆ ಈ ಕೂಡುದಾರಿಗಿಂತ ಅನುಕೂಲವಾದ ಸ್ಥಳ ಮತ್ತೊಂದು ದೊರೆಯಲಾರದು. ಬಡಗಲಿಗೆ ಭೀಮಾನದಿ, ಅದರಾಚೆಗೂ ಪಡುವಲಿಗೂ ಮರಾಠಿಯ ನಾಡು. ಆ ನಾಡಿನೊಳಗೂ ಜತ್ತ, ಮಂಗಳವೇಢೆ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳಲ್ಲಿ ಕನ್ನಡವೇ ಮನೆಮಾತಾದ ಸಹಸ್ರಾರು ಕುಟುಂಬಗಳು. ಸಮೀಪದಲ್ಲಿಯೇ ಕನ್ನಡ ಜಾನಪದದ ಅಧ್ಯಯನಕ್ಕೆ ಮೊದಲ ದಾರಿ ತೋರಿದ ಹಲಸಂಗಿ. ಕಬ್ಬಿನ ಸುಗ್ಗಿಯಲ್ಲಿ ಈ ಹಾದಿಯ ಪಕ್ಕದಲ್ಲಿ ಅರ್ಧ ತಾಸು ನಿಂತರೆ ಸಾಕು: ಎರಡೆರಡು ಟ್ರೇಲರು ಎಳೆದುಕೊಂಡು ಕಾರಖಾನೆಗೆ ಸಾಗುವ ಟ್ರ್ಯಾಕ್ಟರುಗಳ ಸೌಂಡಿನ ಪೆಟ್ಟಿಗೆಗಳಿಂದ, ಈ ಸೀಮೆಯದೇ ಮಾತಿನಲ್ಲಿ ಕಟ್ಟಿದ, ಈ ಸೀಮೆಯ ಹುಡುಗರೇ ಹಾಡಿದ ಡಿಜೆ ಪದಗಳು ಒಂದರ ಬೆನ್ನಿಗೆ ಒಂದು ಕಿವಿಯ ಮೇಲೆ ಬಂದು ಬೀಳುತ್ತವೆ.

ಇಂಥ ಹಾಡು, ಇಂಥ ಹಾಸ್ಯದ ವಿಡಿಯೋ, ಇಂಥ ಕುಣಿತಗಳ ಮಾತು ಬಂದೊಡನೆ ವಿದ್ವಜ್ಜನರು ಮೂಗು ಮುರಿಯುವುದೂ, ಅವುಗಳಿಂದ ಉಪಜೀವನ ನಡೆಸುವವರು ಕೋಟಿ ಕೋಟಿ ವೀಕ್ಷಣೆಯ ಲೆಕ್ಕವನ್ನೇ ಸಮರ್ಥನೆಯಾಗಿ ಮುಂದಿಡುವುದೂ ಈಗ ವಾಡಿಕೆಯಾಗಿದೆ. ಈ ಎರಡು ನಿಲುವುಗಳೂ ವಿಷಯದ ಅಂತರಂಗವನ್ನು ಮುಟ್ಟುವುದಿಲ್ಲವೆಂದು ನನ್ನ ಅಭಿಪ್ರಾಯ. ಜನರಂಜನೆಯು ಶುದ್ಧವೋ ಅಶುದ್ಧವೋ ಎಂಬ ಪ್ರಶ್ನೆಗಿಂತ ಮೊದಲು, ಈ ನೆಲದಲ್ಲಿ ಅದು ಯಾವ ನಿಯಮದ ಮೇಲೆ ನಿಂತಿತ್ತು, ಆ ನಿಯಮ ಈಗ ಉಳಿದಿದೆಯೇ ಎಂಬುದನ್ನು ಕೇಳಬೇಕಾಗಿದೆ.

ಆ ನಿಯಮವನ್ನು ಅರಿಯಬೇಕಾದರೆ ಹರದೇಶಿ–ನಾಗೇಶಿಯ ಹಾಡಿಕೆಯನ್ನು ಒಂದು ಇರುಳಾದರೂ ಕುಳಿತು ಕೇಳಬೇಕು. ಜಾತ್ರೆಯೋ ಉರುಸೋ ಬಂದಾಗ ಗುಡಿಯ ಮುಂದಣ ಬಯಲಿನಲ್ಲಿ ಎರಡು ಮೇಳಗಳು ಎದುರುಬದುರಾಗಿ ನಿಲ್ಲುತ್ತವೆ. ಮುಂದಾಳಿನ ಕೈಯಲ್ಲಿ ದಪ್ಪು. ಹಿಮ್ಮೇಳದವರಲ್ಲಿ ಒಬ್ಬನ ಬಗಲಿಗೆ ತುಂತುಣಿ, ಮತ್ತೊಬ್ಬನ ಕೈಯಲ್ಲಿ ತಾಳ. ಹರದೇಶಿಯವರದು ಗಂಡಿನ ಪಕ್ಷ. ಶಿವನೇ ಮೂಲ, ಪುರುಷನೇ ಮಿಗಿಲು ಎಂಬುದು ಅವರ ವಾದ. ನಾಗೇಶಿಯವರದು ಹೆಣ್ಣಿನ ಪಕ್ಷ. ಶಕ್ತಿಯಿಲ್ಲದೆ ಶಿವನು ಕದಲಲಾರನೆಂಬುದು ಅವರ ಉತ್ತರ. ಗಣಪತಿಯ ಸ್ತುತಿ ಮುಗಿದು ಸಭೆಗೆ ಶರಣೆಂದ ತರುವಾಯ ಮೊದಲ ಸವಾಲು ಬೀಳುತ್ತದೆ. ಬೀಜವಿಲ್ಲದೆ ಬೆಳೆಯುಂಟೆ ಎಂದು ಇವರು ಕೇಳಿದರೆ, ಭೂಮಿಯಿಲ್ಲದೆ ಆ ಬೀಜ ಎಲ್ಲಿ ಬಿದ್ದು ಮೊಳೆತೀತೆಂದು ಅವರು ತಿರುಗಿ ಕೇಳುವರು. ಇವರು ರಾಮನನ್ನು ಮುಂದೊಡ್ಡಿದರೆ ಅವರು ಸೀತೆಯ ಕಣ್ಣೀರಿನ ಲೆಕ್ಕ ಕೇಳುವರು. ಇವರು ಹರಿಶ್ಚಂದ್ರನ ಸತ್ಯವನ್ನು ಹೊಗಳಿದರೆ, ಆ ಸತ್ಯದ ಬೆಲೆಯಾಗಿ ಮಾರಾಟಗೊಂಡವಳು ಯಾರೆಂದು ಚಂದ್ರಮತಿಯನ್ನು ತಂದು ಸಭೆಯ ನಡುವೆ ನಿಲ್ಲಿಸುವರು. ಎದುರಿನವರ ಪದ ಮುಗಿಯುವ ಮುನ್ನವೇ ಮುಂದಾಳು ತಲೆ ಬಾಗಿಸಿ ಹಿಮ್ಮೇಳದ ಹಿರಿಯನೊಡನೆ ಪಿಸುಗುಡುತ್ತ ಜವಾಬನ್ನು ಕೂಡಿಸಿಕೊಳ್ಳುವುದನ್ನು ಮುಂದಿನ ಸಾಲಿನಲ್ಲಿ ಕುಳಿತವರು ಕಣ್ಣಾರೆ ಕಾಣಬಹುದು. ಜವಾಬು ಗುರಿ ಮುಟ್ಟಿತೆಂದರೆ ಕುಳಿತವರ ನಡುವಿನಿಂದ ಒಬ್ಬನೆದ್ದು ಬಂದು ಹಾಡುವವರ ಕೈಯಲ್ಲಿ ನೋಟು ಇಡುತ್ತಾನೆ; ಕೊಟ್ಟವನ ಹೆಸರು, ಅವನ ಊರು ಮಾಯಿಕ್ಕಿನಲ್ಲಿ ಕೇಳಿಬರುತ್ತದೆ. ಗುರಿ ತಪ್ಪಿತೆಂದರೆ ಅದೇ ಜನ ನಿರ್ದಾಕ್ಷಿಣ್ಯವಾಗಿ ಹಾಗೆಂದು ಕೂಗುತ್ತಾರೆ. ಬೆಳಕು ಹರಿದು ಮಂಗಳ ಹಾಡುವವರೆಗೆ ಈ ವ್ಯವಹಾರ ನಡೆಯುವುದು. ಗೆದ್ದವರಾರೆಂಬ ತೀರ್ಪು ಬಹುಮಟ್ಟಿಗೆ ಬರುವುದೇ ಇಲ್ಲ, ಬರಬೇಕೆಂದು ಯಾರೂ ಹಟ ಹಿಡಿಯುವುದೂ ಇಲ್ಲ.

ಡೊಳ್ಳಿನ ಪದಗಳಲ್ಲಿಯೂ ಇದೇ ಬಗೆಯ ವಾದವುಂಟು. ರಾಜ್ಯದ ಗಡಿಯ ಆಚೆಗೆ, ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ, ದೀಪಾವಳಿಯ ಅಮಾವಾಸ್ಯೆಯಂದು ಮಾಳಿಂಗರಾಯನಿಗೆ ಸಾಕ್ಷಾತ್ ಶಿವನೇ ಮುಂಡಾಸು ಸುತ್ತುತ್ತಾನೆಂಬ ನಂಬಿಕೆಯಿಂದ ಎರಡೂ ರಾಜ್ಯಗಳ ಲಕ್ಷಾವಧಿ ಭಕ್ತರು ನೆರೆಯುವ ಜಾತ್ರೆಗೆ ಈ ಕಡೆಯ ಡೊಳ್ಳಿನ ಮೇಳಗಳು ಹೋಗುತ್ತವೆ. ಅರಕೇರಿಯ ಅಮೋಘಸಿದ್ಧನ ಸನ್ನಿಧಿಯಲ್ಲಿಯೂ ಹಾಲುಮತದ ಪುರಾಣದ ಪದಗಳು ಮೊಳಗುತ್ತವೆ. ಮೊಹರಮಿನ ರಿವಾಯತ್ ಪದಗಳನ್ನು ಹಾಡುವವರಲ್ಲಿ ಹಿಂದೂಗಳು ಎಷ್ಟು, ಮುಸಲ್ಮಾನರು ಎಷ್ಟು ಎಂದು ಎಣಿಸಹೋದವನು ಈ ಸೀಮೆಯನ್ನು ಅರಿಯದವನೇ ಸರಿ.

ಈ ಸಂಪತ್ತನ್ನು ಅಕ್ಷರಕ್ಕಿಳಿಸಿದ ಪುಣ್ಯ ಹಲಸಂಗಿಯ ಗೆಳೆಯರದು. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು—ಇವರಾರೂ ವಿಶ್ವವಿದ್ಯಾಲಯಗಳ ಪೀಠದಲ್ಲಿ ಕುಳಿತವರಲ್ಲ. ಬೀಸುವ ಕಲ್ಲಿನ ಮುಂದೆ, ಹಂತಿಯ ಕಣದಲ್ಲಿ, ಲಾವಣಿಯ ಬಯಲಿನಲ್ಲಿ ಕೇಳಿದುದನ್ನು ಬರೆದುಕೊಂಡವರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ಸಂಗ್ರಹವಾದ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದವು. ಹಲಸಂಗಿಯ ಖಾಜಾಭಾಯಿಯಂಥ ಲಾವಣಿಕಾರನು ಕನ್ನಡಿಗರೆಲ್ಲರಿಗೆ ಪರಿಚಿತನಾದದ್ದು ಇವರ ದೆಸೆಯಿಂದ. ಅವರು ಮಾಡಿದ್ದು ಬರಿಯ ಸಂಗ್ರಹವಲ್ಲ, ವಿವೇಚನೆಯುಳ್ಳ ಆಯ್ಕೆ, ಎಂಬುದನ್ನು ಇಲ್ಲಿಯೇ ನೆನಪಿನಲ್ಲಿಟ್ಟುಕೊಳ್ಳೋಣ.

ಹಾಡಿಕೆಯ ತರುವಾಯ ಈ ಜನದ ಮನಸ್ಸನ್ನು ಸೂರೆಗೊಂಡದ್ದು ನಾಟಕ. ಬೆಳಗಾವಿಯ ಕಡೆಯ ಶ್ರೀಕೃಷ್ಣಪಾರಿಜಾತ ಮತ್ತು ‘ಸಂಗ್ಯಾ ಬಾಳ್ಯಾ’ದಂಥ ಸಣ್ಣಾಟಗಳಿಂದ ಮೊದಲ್ಗೊಂಡು, ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯಸಂಘಗಳವರೆಗೆ ಹಬ್ಬಿದ ಪರಂಪರೆಯನ್ನು ಇಲ್ಲಿ ವಿಸ್ತರಿಸಲು ಅವಕಾಶವಿಲ್ಲ. ಆದರೆ ಕಂದಗಲ್ಲ ಹನುಮಂತರಾಯರ (1896–1966) ‘ರಕ್ತರಾತ್ರಿ’ಯನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಲ್ಲಿ ಒಕ್ಕಲು ಮಕ್ಕಳೇ ವೇಷ ಕಟ್ಟಿ ಬೆಳತನಕ ಆಡಿದ ವಿಷಯವನ್ನು ಹೇಳದೆ ಮುಂದುವರಿಯುವಂತಿಲ್ಲ. ದಿನವಿಡೀ ಗಳೆ ಹೊಡೆದ ತರುಣನು ಸಂಜೆ ಹಾರ್ಮೋನಿಯಂ ಮಾಸ್ತರರ ಮುಂದೆ ಕುಳಿತು, ಸಂಸ್ಕೃತಭೂಯಿಷ್ಠವಾದ ಆ ಗದ್ಯವನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿ, ಶಕುನಿಯಾಗಿಯೋ ಅಶ್ವತ್ಥಾಮನಾಗಿಯೋ ನಿಲ್ಲುತ್ತಿದ್ದನೆಂದರೆ, ಓದುಬರಹ ಬಾರದವರಿಗೆ ಗಂಭೀರ ಸಾಹಿತ್ಯ ಒಗ್ಗದೆಂಬ ಮಾತಿಗೆ ಬೇರೆ ಖಂಡನೆ ಬೇಕಿಲ್ಲ. ವಿಜಯಪುರದ ರಂಗಮಂದಿರಕ್ಕೆ ಆ ಮಹಾನುಭಾವರ ಹೆಸರನ್ನಿಟ್ಟಿರುವುದು ಸಮುಚಿತವಾದ ಕಾರ್ಯ. ಮುಂದೆ ಸಾಮಾಜಿಕ ನಾಟಕಗಳ ಕಾಲ ಬಂದಿತು; ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಹಳ್ಳಿ ಹಳ್ಳಿಯ ರಂಗದ ಮೇಲೇರಿ, 1974ರಲ್ಲಿ ರಾಜಕುಮಾರರ ಚಿತ್ರವೂ ಆಯಿತು. ಅದರ ವಸ್ತುವೂ ವಾದವೇ: ಧನದ ಅಹಂಕಾರಕ್ಕೆ ದುಡಿಮೆಯ ಜವಾಬು.

ಯಂತ್ರಗಳು ಬಂದದ್ದು ಇದರ ನಡುನಡುವೆ. ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಭಾರತದ ಮನೆಮನೆಯ ದನಿಯಾದರು. 1950ರಲ್ಲಿ ಧಾರವಾಡದ ಆಕಾಶವಾಣಿ ಆರಂಭವಾಗಿ, ಜಾನಪದಕ್ಕೆಂದು ಗೊತ್ತಾದ ಹೊತ್ತಿನಲ್ಲಿ ಈ ಕಡೆಯ ಹಾಡುಗಳನ್ನೂ ಕೇಳಿಸಿತು. ಟೂರಿಂಗ್ ಟಾಕೀಸಿನ ಡೇರೆ ಬಂತು, ಹೋಯಿತು. ಎಂಬತ್ತರ ದಶಕದಲ್ಲಿ ಬಣ್ಣದ ಟಿ.ವಿ.ಯನ್ನೂ ವಿ.ಸಿ.ಆರನ್ನೂ ಬಾಡಿಗೆಗೆ ತಂದು, ಗಣಪತಿಯ ಮುಂದೆ ಒಂದೇ ರಾತ್ರಿಯಲ್ಲಿ ಮೂರು ಮೂರು ಸಿನಿಮಾ ತೋರಿಸುವ ಪದ್ಧತಿ ಬಂತು, ಹೋಯಿತು. ಕ್ಯಾಸೆಟ್ಟು ಮಾತ್ರ ತುಸು ಆಳವಾದ ಗುರುತನ್ನು ಉಳಿಸಿತು: ಗುರುರಾಜ ಹೊಸಕೋಟಿಯವರಂಥ ಗಾಯಕರ ಜನಪದಗೀತೆಗಳು ಅದರಿಂದಲೇ ಹೊಲಮನೆಗಳನ್ನು ಸೇರಿದವು, ಗಂಗಾವತಿ ಪ್ರಾಣೇಶರ ಹಾಸ್ಯಭಾಷಣಗಳು ಅದರಿಂದಲೇ ಬಸ್ಸು ಜೀಪುಗಳನ್ನೇರಿದವು. ಕ್ಯಾಸೆಟ್ಟು ಹೋಗಿ ಸಿ.ಡಿ., ಸಿ.ಡಿ. ಹೋಗಿ ಮೆಮೊರಿ ಕಾರ್ಡು. ಮೊಬೈಲ್ ಅಂಗಡಿಯವನ ಕಂಪ್ಯೂಟರಿನ ಮುಂದೆ ನಿಂತು ಹತ್ತಿಪ್ಪತ್ತು ರೂಪಾಯಿಗೆ ಚಿಪ್ಪಿನ ತುಂಬ ಹಾಡು ಹಾಕಿಸಿಕೊಂಡು ಹೋಗುತ್ತಿದ್ದ ಕಾಲ ಈಗಿನ ಹದಿಹರೆಯದವರಿಗೆ ಕಥೆಯಂತೆ ಕೇಳಿಸೀತು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಅಂತರ್ಜಾಲವು ಅಗ್ಗವಾದ ಮೇಲೆ ನಡೆದದ್ದು ಇವೆಲ್ಲಕ್ಕಿಂತ ಭಿನ್ನ. ಅದುವರೆಗಿನ ಯಂತ್ರಗಳೆಲ್ಲ ದೂರದ ದನಿಯನ್ನು ಹಳ್ಳಿಗೆ ತಂದವು, ಇಲ್ಲವೆ ಹಳ್ಳಿಯ ದನಿಯನ್ನು ಪೇಟೆಯ ಕಂಪನಿಯ ಮೂಲಕ ಹಳ್ಳಿಗೆ ಮಾರಿದವು. ಈಗ ಹಳ್ಳಿಯ ದನಿಯು ಯಾರ ಅಪ್ಪಣೆಯನ್ನೂ ಬೇಡದೆ ಲೋಕಕ್ಕೆ ಹೊರಟಿತು. ಟಿಕ್‌ಟಾಕಿನ ಕಿರುವಿಡಿಯೋಗಳಲ್ಲಿ ಹೊಲದ ಹೆಂಗಸರೂ ಲಾರಿಯ ಚಾಲಕರೂ ಕಾಣಿಸಿಕೊಂಡರು. 2020ರ ಜೂನ್ 29ರಂದು ಸರಕಾರವು ಅದನ್ನು ನಿಷೇಧಿಸಲು, ಅವರೆಲ್ಲ ಕೆಲವೇ ತಿಂಗಳುಗಳಲ್ಲಿ ಇನ್‌ಸ್ಟಾಗ್ರಾಮಿನ ರೀಲ್ಸಿಗೂ ಯೂಟ್ಯೂಬಿನ ಶಾರ್ಟ್ಸಿಗೂ ವಲಸೆ ಹೋದರು. ಅದೇ ವರ್ಷ ಮಹಾಮಾರಿಯ ಕಾರಣ ಜಾತ್ರೆಗಳು ನಿಂತು, ನಾಟಕ ಕಂಪನಿಗಳ ಪರದೆ ಇಳಿದು, ಹಾಡುವವರಿಗೂ ಕುಣಿಯುವವರಿಗೂ ಈ ಕಿರುತೆರೆಯೊಂದೇ ಗತಿಯಾಯಿತೆಂಬುದನ್ನೂ ಮರೆಯಲಾಗದು.

ಈ ಸೀಮೆಯ ಹಾಸ್ಯದ ವಿಡಿಯೋವೊಂದು ಸಿದ್ಧವಾಗುವ ಬಗೆಯನ್ನು ಹತ್ತಿರದಿಂದ ಕಂಡವರಿಗೆ ಅದರ ಶಕ್ತಿ ಎಲ್ಲಿದೆಯೆಂಬುದು ತಿಳಿಯುತ್ತದೆ. ಹೊಲದ ಬದುವಿನ ಬೇವಿನ ಮರದಡಿ ಮುಕ್ಕಾಲಿಯ ಮೇಲೆ ಮೊಬೈಲು ನಿಂತಿದೆ. ಅಂಗಿಯ ಕೊರಳಪಟ್ಟಿಗೆ ಸಿಕ್ಕಿಸಿದ ಚಿಕ್ಕ ಮಾಯಿಕ್ಕಿಗೆ ಗಾಳಿಯ ಸದ್ದು ತಾಕದಿರಲೆಂದು ಬಟ್ಟೆಯ ಚೂರು ಸುತ್ತಿದ್ದಾರೆ. ಬರೆದಿಟ್ಟ ಸಂಭಾಷಣೆಯಿಲ್ಲ, ಕಥೆಯ ಎಳೆಯನ್ನು ಎಲ್ಲರಿಗೂ ಒಮ್ಮೆ ಹೇಳಿ, ಮಾತು ಅವರವರ ಬಾಯಿಗೆ ಬಂದಂತೆ ಬಿಟ್ಟಿದ್ದಾರೆ. ಕನ್ಯೆ ಸಿಗದೆ ವಯಸ್ಸು ಮೀರಿದ ಒಕ್ಕಲಿಗನ ಮಗನೊಬ್ಬ, ಅವನನ್ನು ನೋಡಲು ಬಂದ ಬೀಗರು, ‘ಹುಡುಗಗ ನೌಕರಿ ಏನೈತ್ರೀ?’ ಎಂದು ಕೇಳುವ ಹೆಣ್ಣಿನ ಸೋದರಮಾವ. ಅತ್ತೆಯ ಪಾತ್ರ ವಹಿಸಿದಾಕೆ ಅದೇ ಓಣಿಯವಳು. ಎರಡು ಎಮ್ಮೆ ಹಿಂಡಿ, ಮಧ್ಯಾಹ್ನದ ರೊಟ್ಟಿ ಬಡಿದು ಬಂದಿದ್ದಾಳೆ. ಕ್ಯಾಮರಾದ ಮುಂದೆ ನಿಂತೊಡನೆ ಆಕೆಯ ಬಾಯಿಂದ ಹೊರಡುವ ಗಾದೆಗಳನ್ನೂ ಬೈಗುಳದ ಲಯವನ್ನೂ ಯಾವ ಸಂಭಾಷಣಾಕಾರನೂ ಬರೆದುಕೊಡಲಾರ. ಸಂಘದ ಸಾಲದ ವಾರದ ಕಂತು, ಕುಡುಕ ಗಂಡ, ಹೊಲದ ದಾರಿಯ ಜಗಳ, ಕೊಳವೆಬಾವಿ ಕೊರೆಸಿ ಕೆಟ್ಟವನ ಗೋಳು, ಲಿಂಬೆಯ ದರ ಬಿದ್ದ ವರ್ಷದ ಲಗ್ನ—ಇವು ಈ ವಿಡಿಯೋಗಳ ವಸ್ತು. ನಮ್ಮ ಕಥಾಸಾಹಿತ್ಯವು ಇನ್ನೂ ಸರಿಯಾಗಿ ಮುಟ್ಟದ ಎಷ್ಟೋ ಸಂಗತಿಗಳನ್ನು ಇವು ಮುಟ್ಟಿವೆಯೆಂದು ಹೇಳಲು ನನಗೆ ಸಂಕೋಚವಿಲ್ಲ.

ಇಷ್ಟಕ್ಕೂ ಈ ಸೀಮೆಯ ಮಾತಿಗೆ ಕನ್ನಡ ಚಲಚ್ಚಿತ್ರದಲ್ಲಿ ದೊರೆತಿದ್ದ ಸ್ಥಾನ ಎಂಥದು? ಬಹುಕಾಲ ಅದು ನಗೆಯ ಪಾತ್ರಕ್ಕೆ ಮೀಸಲಾದ ಮಾತು. ಸೀಮೆಯ ಹೆಸರಿಗೆ ದೊರೆತದ್ದು ಇನ್ನೂ ಕಷ್ಟದ ಪ್ರಸಿದ್ಧಿ: 2012ರ ‘ಭೀಮಾ ತೀರದಲ್ಲಿ’ ಚಿತ್ರವೂ ಪತ್ರಿಕೆಗಳ ಅಪರಾಧವಾರ್ತೆಗಳೂ ಸೇರಿ, ಭೀಮೆಯ ದಂಡೆಯೆಂದರೆ ಕೊಲೆಗಡುಕರ ನೆಲೆಯೆಂಬ ಭಾವನೆಯನ್ನು ದೂರದವರ ಮನಸ್ಸಿನಲ್ಲಿ ಬೇರೂರಿಸಿದವು. ಮಧುರಚೆನ್ನರ ನೆಲಕ್ಕೆ ಇದು ಸಲ್ಲದ ಅಪಖ್ಯಾತಿ. ಇಲ್ಲಿಯ ಜನ ತಮ್ಮ ಚಿತ್ರವನ್ನು ತಾವೇ ತೆಗೆಯತೊಡಗಿದಾಗ ಅದರಲ್ಲಿ ಪಿಸ್ತೂಲಿಗಿಂತ ರೊಟ್ಟಿಯ ಹಂಚು ಹೆಚ್ಚಾಗಿ ಕಂಡಿತು. ಇದೊಂದು ಕಾರಣಕ್ಕಾದರೂ ಈ ವಿಡಿಯೋಗಳು ಗೌರವಾರ್ಹವಾದವು.

ಪೇಟೆಯ ಜಗತ್ತೂ ಈ ದನಿಗೆ ಕಿವಿಗೊಟ್ಟಿತು. 2018ರ ‘ರ‍್ಯಾಂಬೊ 2’ ಚಿತ್ರಕ್ಕಾಗಿ ಶಿವು ಬೆರ್ಗಿಯವರು ಬರೆದು ರವೀಂದ್ರ ಸೊರಗಾವಿ, ಶಮಿತಾ ಮಲ್ನಾಡರು ಹಾಡಿದ ‘ಚುಟುಚುಟು’ ಗೀತೆಯು ಯೂಟ್ಯೂಬಿನಲ್ಲಿ ಹತ್ತು ಕೋಟಿಗೂ ಮಿಕ್ಕಿ ವೀಕ್ಷಣೆ ಪಡೆಯಿತು. ಹಾವೇರಿ ಜಿಲ್ಲೆಯ ಕುರಿ ಕಾಯುವ ತರುಣ ಹನುಮಂತ ಲಮಾಣಿಯವರು ಟಿ.ವಿ. ವಾಹಿನಿಯ ಗಾಯನಸ್ಪರ್ಧೆಯಿಂದ ಹೆಸರಾಗಿ, 2025ರ ಜನವರಿಯಲ್ಲಿ ಬಿಗ್ ಬಾಸ್‌ನ ಹನ್ನೊಂದನೆಯ ಆವೃತ್ತಿಯನ್ನು ಗೆದ್ದರು. ‘ನಾ ಡ್ರೈವರಾ’ ಹಾಡಿನಿಂದ ಮನೆಮಾತಾದ ಬೆಳಗಾವಿ ಸೀಮೆಯ ಮಾಳು ನಿಪನಾಳರು ಅದರ ಮುಂದಿನ ಆವೃತ್ತಿಯನ್ನು ಪ್ರವೇಶಿಸಿದರು. ಮೊದಲು ಹಳ್ಳಿಯ ಹಾಡುಗಾರನು ಆಕಾಶವಾಣಿಯ ಪರೀಕ್ಷೆಗೆ ಕುಳಿತು ಕಾಯಬೇಕಿತ್ತು. ಈಗ ವಾಹಿನಿಗಳವರೇ ಅವನನ್ನು ಅರಸಿಕೊಂಡು ಬರುತ್ತಾರೆ.

ಈ ಪರಿವರ್ತನೆಯು ನಮ್ಮೊಬ್ಬರದೇ ಅಲ್ಲವೆಂಬುದನ್ನು ತೋರಿಸುವುದಕ್ಕೆ ಇಂಡೋನೇಷ್ಯದ ಉದಾಹರಣೆಯನ್ನು ತುಸು ವಿವರವಾಗಿ ನೋಡುವುದು ಪ್ರಯೋಜನಕರ. ರಾಮಾಯಣ ಮಹಾಭಾರತಗಳು ನಮ್ಮಲ್ಲಿಯಂತೆಯೇ ಅಲ್ಲಿಯೂ ರಾತ್ರಿಯಿಡೀ ನಡೆಯುವ ರಂಜನೆಯ ವಸ್ತು. ಜಾವಾದ್ವೀಪದಲ್ಲಿ ದಲಾಂಗ್ ಎಂಬ ಸೂತ್ರಧಾರನು ತೊಗಲುಗೊಂಬೆಗಳ ನೆರಳನ್ನು ಪರದೆಯ ಮೇಲೆ ಕುಣಿಸುತ್ತ, ಅರ್ಜುನ ಭೀಮರ ಮಾತನ್ನೂ ವಿದೂಷಕರ ಚೇಷ್ಟೆಯನ್ನೂ ತಾನೊಬ್ಬನೇ ನುಡಿಯುತ್ತ ಬೆಳಗುಮಾಡುತ್ತಾನೆ. ಯೋಗ್ಯಕರ್ತದ ಪ್ರಖ್ಯಾತ ದಲಾಂಗ್ ಸೆನೊ ನುಗ್ರೊಹೊ ಅವರು 2020ರಲ್ಲಿ ತೀರಿಕೊಳ್ಳುವ ಪೂರ್ವದಲ್ಲಿ ತಮ್ಮ ಆಟಗಳನ್ನು ಯೂಟ್ಯೂಬಿನಲ್ಲಿ ನೇರವಾಗಿ ಪ್ರಸಾರ ಮಾಡಿ, ಪರದೇಶದಲ್ಲಿ ಕೂಲಿಗೆ ಹೋದ ಜಾವಾದವರಿಗೂ ಅವು ಎಟುಕುವಂತೆ ಮಾಡಿದ್ದರು. ಆ ದೇಶದ ಜನಪ್ರಿಯ ಸಂಗೀತವಾದ ದಂಗ್‌ದುತ್ತಿನಲ್ಲಿ ನಮ್ಮ ಹಿಂದೀ ಚಿತ್ರಗೀತೆಗಳ ಪ್ರಭಾವ ಸ್ಪಷ್ಟವಾಗಿದೆ. ಎಪ್ಪತ್ತರ ದಶಕದಲ್ಲಿ ರೋಮಾ ಇರಾಮರು ಅದಕ್ಕೆ ರೂಪ ಕೊಟ್ಟರು. ಪೂರ್ವ ಜಾವಾದ ಹಳ್ಳಿಯ ರಂಗಗಳ ಮೇಲೆ ಕುಣಿದು ಹಾಡುತ್ತಿದ್ದ ಇನುಲ್ ದರಾತಿಸ್ತಾ ಎಂಬ ತರುಣಿಯ ಕಾರ್ಯಕ್ರಮಗಳನ್ನು ಯಾರೋ ಸೆರೆಹಿಡಿದು, ಕಳ್ಳ ವಿ.ಸಿ.ಡಿ.ಗಳಾಗಿ ರಸ್ತೆಯಲ್ಲಿ ಮಾರಿದಾಗ ಆಕೆ ದೇಶವಿಖ್ಯಾತಳಾದಳು. 2003ರಲ್ಲಿ ಅದೇ ರೋಮಾ ಇರಾಮರು ಆಕೆಯ ನೃತ್ಯವನ್ನು ಅಶ್ಲೀಲವೆಂದು ಬಹಿರಂಗವಾಗಿ ಖಂಡಿಸಿ ದೊಡ್ಡ ವಿವಾದವೆದ್ದಿತು. 2011ರಲ್ಲಿ ನಾರ್ಮನ್ ಕಮಾರು ಎಂಬ ಪೋಲೀಸನು ಸಮವಸ್ತ್ರದಲ್ಲಿಯೇ ಕುಳಿತು ನಮ್ಮ ‘ದಿಲ್ ಸೇ’ ಚಿತ್ರದ ‘ಛೈಯಾ ಛೈಯಾ’ಕ್ಕೆ ತುಟಿಯಾಡಿಸಿದ ವಿಡಿಯೋ ಇಡೀ ದೇಶವನ್ನು ನಗಿಸಿತು. 2014ರಲ್ಲಿ ನಮ್ಮ ಟಿ.ವಿ. ವಾಹಿನಿಯ ಹೊಸ ಮಹಾಭಾರತವು ಅಲ್ಲಿ ಪ್ರಸಾರವಾದಾಗ ಅರ್ಜುನನ ಪಾತ್ರಧಾರಿಯು ಅಲ್ಲಿಯವರ ಕಣ್ಮಣಿಯಾದನು.

ಇವೆಲ್ಲಕ್ಕಿಂತ ನಮಗೆ ಹೆಚ್ಚು ಬೋಧಪ್ರದವಾದುದು ಅಲ್ಲಿಯ ಪ್ರಾಂತಭಾಷೆಗಳ ವಿಚಾರ. ರಾಷ್ಟ್ರಭಾಷೆಯಾದ ಇಂಡೋನೇಷ್ಯನ್ನಿನ ಸಿನಿಮಾ ಧಾರಾವಾಹಿಗಳಲ್ಲಿ ಜಾವಾದ ಮಾತು ಬಹುಮಟ್ಟಿಗೆ ಮನೆಗೆಲಸದವರ, ವಿದೂಷಕರ ಮಾತಾಗಿತ್ತು. ಮಲಾಂಗದ ಬಾಯು ಸ್ಕಾಕ್ ಎಂಬ ತರುಣನು ಅದೇ ಮಾತಿನಲ್ಲಿ ಯೂಟ್ಯೂಬಿನಲ್ಲಿ ಹಾಸ್ಯ ಮಾಡಿ ಹೆಸರಾಗಿ, 2018ರಲ್ಲಿ ‘ಯೊವಿಸ್ ಬೆನ್’ ಎಂಬ ಚಿತ್ರವನ್ನು ಬಹುಭಾಗ ಜಾವಾದ ಮಾತಿನಲ್ಲಿಯೇ ತೆಗೆದು ಗೆದ್ದನು. ಅದೇ ವರ್ಷ ವಹ್ಯು ಅಗುಂಗ್ ಪ್ರಸೆತ್ಯೊ ನಿರ್ದೇಶಿಸಿದ ‘ತಿಲಿಕ್’ ಎಂಬ ಅರ್ಧ ತಾಸಿನ ಕಿರುಚಿತ್ರ ಸಿದ್ಧವಾಯಿತು. ಆಸ್ಪತ್ರೆಯಲ್ಲಿರುವ ತಮ್ಮೂರ ಮುಖ್ಯಸ್ಥೆಯನ್ನು ನೋಡಿಬರಲು ಹಳ್ಳಿಯ ಹೆಂಗಸರು ಟ್ರಕ್ಕಿನ ಹಿಂಭಾಗದಲ್ಲಿ ನಿಂತು ಹೋಗುತ್ತ, ಊರಿನ ಹುಡುಗಿಯೊಬ್ಬಳ ನಡತೆಯನ್ನು ಕುರಿತು ಆಡುವ ಮಾತುಗಳಷ್ಟೇ ಅದರ ಕಥೆ. 2020ರ ಆಗಸ್ಟಿನಲ್ಲಿ ಯೂಟ್ಯೂಬಿಗೆ ಬಂದು ಕೋಟಿಗೂ ಮಿಕ್ಕಿದ ವೀಕ್ಷಣೆ ಪಡೆದ ಈ ಚಿತ್ರಕ್ಕೆ ಹಣ ಒದಗಿಸಿದ್ದು ಯೋಗ್ಯಕರ್ತ ಪ್ರಾಂತದ ಸಂಸ್ಕೃತಿ ಇಲಾಖೆ. ತನ್ನ ಜನದ ಆಡುಮಾತಿನ ಚಿತ್ರವೊಂದಕ್ಕೆ ಸರಕಾರದ ಇಲಾಖೆಯೇ ಬೊಕ್ಕಸ ತೆರೆದು, ಅದನ್ನು ಎಲ್ಲರೂ ಪುಕ್ಕಟೆಯಾಗಿ ನೋಡುವಂತಾದ ಈ ಸಂಗತಿಯನ್ನು ನಮ್ಮ ಅಕಾಡೆಮಿಗಳವರು ಲಕ್ಷ್ಯವಿಟ್ಟು ಪರಿಶೀಲಿಸಬೇಕೆಂದು ನನ್ನ ಪ್ರಾರ್ಥನೆ.

ಇನ್ನು ನಮ್ಮ ಡಿಜೆ ಹಾಡುಗಳ ಮೇಲಣ ಆಕ್ಷೇಪಣೆಗೆ ಬರೋಣ. ಅಶ್ಲೀಲತೆಯು ಈ ಹಾಡುಗಳಿಂದಲೇ ಆರಂಭವಾಯಿತೆನ್ನುವವರು ಹಳೆಯ ಲಾವಣಿಗಳನ್ನು ಓದಿದವರಲ್ಲ. ಬನಶಂಕರಿಯ ಜಾತ್ರೆಯಲ್ಲಿ ಬೀಡುಬಿಡುವ ನಾಟಕ ಕಂಪನಿಗಳ ಎರಡರ್ಥದ ಸಂಭಾಷಣೆಗಳನ್ನು ಕೇಳಿದವರೂ ಅಲ್ಲ. ಶೃಂಗಾರವು ಜನರಂಜನೆಯಲ್ಲಿ ಎಂದಿಗೂ ಇದ್ದುದೇ. ನನ್ನನ್ನು ವ್ಯಥೆಗೊಳಿಸುವ ದೋಷ ಬೇರೆ. ಈ ಹಾಡುಗಳಲ್ಲಿ ಬಹುಸಂಖ್ಯೆಯವು ಪ್ರೇಮದಲ್ಲಿ ಸೋತ ಹುಡುಗನ ಬಾಯಿಂದ ಬಂದವು: ಹುಡುಗಿ ಕೈಕೊಟ್ಟಳು, ನೌಕರಿಯವನನ್ನು ಮದುವೆಯಾದಳು, ಹಣ ನೋಡಿ ಹೋದಳು, ಇನ್ನು ತನಗೆ ಬಾಟಲಿಯೇ ಗತಿ. ಹುಡುಗನ ಸಂಕಟ ಸುಳ್ಳಲ್ಲ. ಎರಡೆಕರೆ ಒಣಬೇಸಾಯದ ತರುಣನಿಗೆ ಹೆಣ್ಣು ದೊರೆಯದ ದುಃಖ ಇಂದಿನ ಹಳ್ಳಿಗಳ ನಿಜವಾದ ದುಃಖಗಳಲ್ಲೊಂದು. ಆದರೆ ಆ ಹುಡುಗಿಯ ಜವಾಬು ಎಲ್ಲಿ? ತನ್ನನ್ನು ಕೇಳಿ ಯಾರು ಲಗ್ನ ಗೊತ್ತುಮಾಡಿದರು, ಕಾಲೇಜು ಬಿಡಿಸಿದ್ದು ಯಾರು, ಕುಡಿಯುವವನ ಕೈಹಿಡಿದು ತಾನು ಬಾಳಬೇಕಾದದ್ದು ಯಾವ ನ್ಯಾಯ ಎಂದು ಆಕೆ ಕೇಳುವ ಹಾಡು ಎಲ್ಲಿ? ಹರದೇಶಿಯವನು ಹೆಣ್ಣಿನ ಮೇಲೆ ಹೊರಿಸಿದ ಪ್ರತಿಯೊಂದು ಆರೋಪಕ್ಕೂ ಅದೇ ರಾತ್ರಿ, ಅದೇ ಜನದ ಮುಂದೆ ನಾಗೇಶಿಯವರು ಉತ್ತರ ಕೊಟ್ಟೇ ತೀರುತ್ತಿದ್ದರು. ನಾಗೇಶಿಯ ಮೇಳಗಳಲ್ಲಿ ದಪ್ಪು ಹಿಡಿದು ನಿಲ್ಲುವ ಹೆಣ್ಣುಮಕ್ಕಳು ಈ ಜಿಲ್ಲೆಯಲ್ಲಿ ಇಂದಿಗೂ ಇದ್ದಾರೆ. ಪುರಾಣಪ್ರಸಂಗಗಳನ್ನು ಬೆರಳ ತುದಿಯಲ್ಲಿಟ್ಟುಕೊಂಡು ಗಂಡಸರ ಮೇಳವನ್ನು ತತ್ತರಗೊಳಿಸಬಲ್ಲ ಸಮರ್ಥೆಯರು. ಡಿಜೆ ಹಾಡಿನಲ್ಲಿ ಹೆಣ್ಣು ಕಾಣಿಸಿಕೊಳ್ಳುವುದು ಕುಣಿಯುವುದಕ್ಕೆ ಮಾತ್ರ. ಅಲ್ಲಿಯೂ ಹಾಡು ಗೆದ್ದರೆ ಕೀರ್ತಿ ಗಾಯಕನಿಗೆ, ಬೈಗುಳ ಕುಣಿದವಳಿಗೆ. ಇನುಲಳ ಪ್ರಸಂಗದಲ್ಲಿ ನಡೆದದ್ದು ಇದೇ. ಒಂದು ಕಾಲಕ್ಕೆ ನಮ್ಮ ಕಂಪನಿ ನಾಟಕಗಳ ನಟಿಯರು ಉಂಡದ್ದೂ ಇದೇ ಅವಮಾನವನ್ನು.

ಡಿಜೆ ಹಾಡಿನಲ್ಲಿ ಹೆಣ್ಣಿನ ಜವಾಬು ಇಲ್ಲವಾದದ್ದಕ್ಕೆ ಹಾಡುವವರ ಸ್ವಭಾವಕ್ಕಿಂತ ಹಣದ ದಾರಿ ಬದಲಾದದ್ದೇ ಹೆಚ್ಚಿನ ಕಾರಣ. ಹಾಡಿಕೆಯ ಮೇಳಕ್ಕೆ ವೀಳ್ಯ ಕೊಡುತ್ತಿದ್ದವರು ಊರ ಪಂಚರು; ಮೇಳದ ಮುಂದೆ ಆ ಪಂಚರ ಹೆಂಡಿರು, ತಾಯಂದಿರು, ಸೊಸೆಯರೂ ಕುಳಿತಿರುತ್ತಿದ್ದರು. ಒಂದು ಪಕ್ಷದವರನ್ನೇ ಕರೆಸಿದರೆ ಹಾಡಿಕೆಯೇ ಆಗುತ್ತಿರಲಿಲ್ಲವಾದ್ದರಿಂದ ಜವಾಬು ಹೇಳುವವರಿಗೂ ಅಷ್ಟೇ ಸಂಭಾವನೆ ಸಲ್ಲುತ್ತಿತ್ತು. ಯೂಟ್ಯೂಬಿನ ನಿಯಮ ಬೇರೆ. ಜಾಹೀರಾತಿನ ಪಾಲು ಬರಬೇಕಾದರೆ ಸಾವಿರ ಚಂದಾದಾರರೂ, ಒಂದು ವರ್ಷದೊಳಗೆ ನಾಲ್ಕು ಸಾವಿರ ತಾಸುಗಳ ವೀಕ್ಷಣೆಯೂ ಆಗಬೇಕೆಂದು 2018ರಲ್ಲಿ ಗೊತ್ತುಮಾಡಿದರು. ಅದನ್ನು ದಾಟಿದ ಮೇಲೂ ಯಾವ ವಿಡಿಯೋ ಯಾರಿಗೆ ತೋರಬೇಕೆಂಬುದನ್ನು ನಿರ್ಣಯಿಸುವುದು ಕಣ್ಣಿಗೆ ಕಾಣದ ಗಣಕಸೂತ್ರ. ಒಮ್ಮೆ ಗೆದ್ದದ್ದನ್ನೇ ಮರಳಿ ಮರಳಿ ಮಾಡುವಂತೆ ಅದು ಪ್ರೇರಿಸುತ್ತದೆ. ಕೈಕೊಟ್ಟ ಹುಡುಗಿಯ ಹಾಡೊಂದು ಗೆದ್ದರೆ ಅಂಥ ನೂರು ಹಾಡುಗಳು ಹುಟ್ಟುತ್ತವೆ. ಇದರೊಡನೆ ಇನ್ನೊಂದು ಕಷ್ಟವುಂಟು. ತಲೆಮಾರುಗಳಿಂದ ಎಲ್ಲರೂ ಹಾಡುತ್ತ ಬಂದ ಧಾಟಿಯನ್ನು ಮೊದಲು ಯಾರೋ ತಮ್ಮ ಹೆಸರಿನಲ್ಲಿ ದಾಖಲಿಸಿದರೆಂದರೆ, ತರುವಾಯ ಅದನ್ನು ಹಾಡಿದವನ ವಿಡಿಯೋಕ್ಕೆ ಕಾಪಿರೈಟಿನ ತಕರಾರು ಬರಬಹುದು. ಅಜ್ಜಿಯಿಂದ ಕಲಿತ ಪದಕ್ಕೆ ಮೊಮ್ಮಗನು ಪರವಾನಗಿ ತೋರಿಸಬೇಕಾದ ವಿಪರೀತ ಸ್ಥಿತಿ ಇದು.

ಹಾಗೆಂದು ಈ ಮಾಧ್ಯಮದಿಂದ ಹಾಡಿಕೆಗೆ ಕೇಡೇ ಆಯಿತೆನ್ನಲು ಬರುವುದಿಲ್ಲ. ಹರದೇಶಿ–ನಾಗೇಶಿಯ, ಡೊಳ್ಳಿನ ಪದಗಳ ಪೂರ್ಣ ಹಾಡಿಕೆಗಳು ಈಗ ತಾಸುಗಟ್ಟಲೆ ಉದ್ದದ ವಿಡಿಯೋಗಳಾಗಿ ದೊರೆಯುತ್ತವೆ. ಗೋವೆಯಲ್ಲಿಯೋ ಪುಣೆಯಲ್ಲಿಯೋ ಕಟ್ಟಡದ ಕೆಲಸಕ್ಕೆ ಹೋದ ಇಂಡಿ, ಸಿಂದಗಿಗಳ ಕುಟುಂಬಗಳು ತಗಡಿನ ಶೆಡ್ಡಿನಲ್ಲಿ ಅಡಿಗೆ ಮಾಡುತ್ತ ತಮ್ಮೂರ ಜಾತ್ರೆಯ ಮೇಳವನ್ನು ಕೇಳುತ್ತಾರೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ದೇಹಬಿಟ್ಟ ಬಳಿಕವೂ ಅವರ ಬೆಳಗಿನ ಪ್ರವಚನ ಎಷ್ಟೋ ಮನೆಗಳಲ್ಲಿ ನಿಲ್ಲದೆ ಉಳಿದಿರುವುದು ಇದೇ ಫೋನಿನಿಂದ. ಹಾಸ್ಯದ ವಿಡಿಯೋಗಳಲ್ಲಿ ಅತ್ತೆಗೆ ಸೊಸೆ, ಗಂಡನಿಗೆ ಹೆಂಡತಿ ಸರಿಸಮನಾಗಿ ಮಾತು ತಿರುಗಿಸುವಲ್ಲಿ ಹಳೆಯ ವಾದದ ಜೀವ ಈಗಲೂ ಮಿಡಿಯುತ್ತಿದೆ. ಹಾಡಿಗಿಂತ ಹಾಸ್ಯವು ಹೆಚ್ಚು ಆರೋಗ್ಯದಿಂದಿರುವುದಕ್ಕೆ ಇದೇ ಕಾರಣವೆಂದು ತೋರುತ್ತದೆ.

ಆದರೆ ಹಲಸಂಗಿಯವರು ಮಾಡಿದ ಆಯ್ಕೆಯ ಕೆಲಸವನ್ನು ಈಗ ಮಾಡುವವರಿಲ್ಲ. ಅವರಿಗೆ ಕಾಗದ, ಮಸಿ, ಮುದ್ರಣದ ವೆಚ್ಚಗಳೆಲ್ಲ ತುಟ್ಟಿಯಾಗಿದ್ದವು. ಕೇಳಿದ ಹಾಡುಗಳಲ್ಲಿ ಉಳಿಸತಕ್ಕುದು ಯಾವುದೆಂದು ತೂಗಿ ನೋಡುವುದು ಅನಿವಾರ್ಯವಾಗಿತ್ತು. ಇಂದು ಸೆರೆಹಿಡಿಯುವುದಕ್ಕೆ ವೆಚ್ಚವೇ ಇಲ್ಲವಾದ್ದರಿಂದ ಎಲ್ಲವೂ ಉಳಿದಂತೆ ತೋರುತ್ತದೆ; ಮೂಲ ಹಾಕಿದವನ ಖಾತೆ ಅಳಿದರೆ ಎಲ್ಲವೂ ಒಂದೇ ದಿನ ಅಳಿದುಹೋಗುತ್ತದೆ. ಇದ್ದುದರಲ್ಲಿಯೂ ಎಷ್ಟೋ ವಿಡಿಯೋಗಳಲ್ಲಿ ಹಾಡಿದವರಾರು, ಪದ ಕಟ್ಟಿದ ಕವಿ ಯಾರು, ಯಾವ ಊರ ಜಾತ್ರೆ ಎಂಬುದರ ಸುಳಿವಿರುವುದಿಲ್ಲ. ಕಿರುವಿಡಿಯೋಕ್ಕೆಂದು ಕತ್ತರಿಸಿದಾಗಲಂತೂ ಒಂದು ಮೇಳದ ಚುಚ್ಚುಮಾತಷ್ಟೇ ಉಳಿದು, ಎದುರು ಮೇಳದ ಉತ್ತರ ಕತ್ತರಿಗೆ ಬಲಿಯಾಗುತ್ತದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ, ಜಾನಪದ ಅಕಾಡೆಮಿಯಿದೆ, ಈ ಸೀಮೆಯ ತಾಲೂಕುಗಳಲ್ಲಿ ಕನ್ನಡ ಕಲಿಸುವ ಕಾಲೇಜುಗಳಿವೆ, ಆ ಕಾಲೇಜುಗಳ ಒಬ್ಬೊಬ್ಬ ವಿದ್ಯಾರ್ಥಿಯ ಕೈಯಲ್ಲಿಯೂ ಮೊಬೈಲಿದೆ. ಯೋಗ್ಯಕರ್ತದವರಂತೆ ಚಿತ್ರಕ್ಕೆ ಹಣ ಕೊಡುವುದು ನಾಳಿನ ಮಾತಾಗಲಿ. ಇಂದು ಮಾಡಬಹುದಾದ ಕೆಲಸವೆಂದರೆ, ತನ್ನೂರ ಜಾತ್ರೆಯ ಹಾಡಿಕೆಯನ್ನು ಮೊದಲಿನಿಂದ ಮಂಗಳದವರೆಗೆ ಕಡಿಯದೆ ಸೆರೆಹಿಡಿದ ವಿದ್ಯಾರ್ಥಿಯು ಆ ವಿಡಿಯೋದ ಕೆಳಗೆ ಮೇಳದ ಊರು, ಮುಂದಾಳಿನ ಹೆಸರು, ಹಿಮ್ಮೇಳದವರ ಹೆಸರು, ಪದ ಕಟ್ಟಿದವರ ಹೆಸರು, ಹಾಡಿದ ದಿನ, ವಾದದ ವಸ್ತು ಇಷ್ಟನ್ನು ಬರೆಯುವುದು. ಹರದೇಶಿಯವರ ಸವಾಲು ಒಂದು ಭಾಗದಲ್ಲಿದ್ದರೆ, ನಾಗೇಶಿಯವರ ಜವಾಬು ಯಾವ ಭಾಗದಲ್ಲಿ, ಎಷ್ಟನೆಯ ನಿಮಿಷಕ್ಕೆ ಬರುತ್ತದೆಂಬುದನ್ನೂ ಕಾಣಿಸುವುದು.